ಐದ್ನಿಮಿಷದಣ್ಣನ ಉಪಕಾರಗಳು

ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಒಳಗೆ ಕೂರುತ್ತಾರೆ, ಐದ್ನಿಮಿಷದಣ್ಣ ಹೊರಗೆ ಕೂರುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಕಟ್ಟಿದವರು ಯಾರೋ ಗೊತ್ತಿಲ್ಲ. ಆದರೆ ಅವರು ಒಂದಲ್ಲ ಒಂದು ದಿನ ಕೆಮ್ಮು ಹಿಡಿದು ಇಂಥದ್ದೇ ಬೆಂಚಿನ ಮೇಲೆ ಕಾದಿದ್ದರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿದೆ. ಮದುವೆಯ ಕಾಗದದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಾಗಿಲ್ಲ. ಯಾರು ಹೋಗಿ ಮೇಜಿನ ಎದುರು ನಿಂತರೂ ಅವನು ತಲೆ ಎತ್ತದೆ, "ಐದೇ ನಿಮಿಷ, ಕೂತ್ಕೊಳ್ಳಿ" ಅನ್ನುತ್ತಿದ್ದ. ಆ ಐದು ನಿಮಿಷದಲ್ಲಿ ಜ್ವರ ಬಂದವರಿಗೆ ಜ್ವರ ಬಿಟ್ಟದ್ದುಂಟು, ಬಿಟ್ಟವರಿಗೆ ಮತ್ತೆ ಬಂದದ್ದೂ ಉಂಟು. ಹಾಗಾಗಿ ಐದ್ನಿಮಿಷ ಅನ್ನುವುದೇ ಹೆಸರಾಯಿತು. ಎದುರಿಗೆ ಕರೆಯುವಾಗ ಮಾತ್ರ ಮರ್ಯಾದೆಗೊಂದು ಅಣ್ಣ ಸೇರಿಸುತ್ತಿದ್ದೆವು. ಅವನು ಅದನ್ನು ಜನ ಪ್ರೀತಿಯಿಂದ ಕೊಟ್ಟ ಬಿರುದು ಅಂತಲೇ ತಿಳಿದಿದ್ದ.

ಡಾಕ್ಟರು ಅವನ ಅಕ್ಕನ ಗಂಡ. ಕ್ಲಿನಿಕ್ಕಿಗೆ ಬರುವ ಮುಂಚೆ ಅವನು ಜೆರಾಕ್ಸ್ ಅಂಗಡಿ ಇಟ್ಟು ಮುಚ್ಚಿದ್ದ. ಆಮೇಲೆ ಚಪ್ಪಲಿ ಅಂಗಡಿ ಇಟ್ಟ. ಅದು ಮುಚ್ಚಿದ ದಿನ ಅಲ್ಲಿ ಬರೀ ಎಡಗಾಲಿನ ಚಪ್ಪಲಿಗಳು ಉಳಿದಿದ್ದವು, ಬಲಗಾಲಿನವು ಎಲ್ಲಿ ಹೋದವು ಅಂತ ಅವನಿಗೂ ಇವತ್ತಿನವರೆಗೆ ಗೊತ್ತಿಲ್ಲ. ಕೊನೆಗೆ ಮನೆಯಲ್ಲೇ ಕೂತು ಹೆಂಡತಿಗೆ ಅಡುಗೆಯ ವಿಷಯದಲ್ಲಿ ಸಲಹೆ ಕೊಡಲು ಶುರುಮಾಡಿದ. ಅದನ್ನು ತಡೆಯಲಾಗದೆ ಅವಳು ಹೋಗಿ ಅವನ ಅಕ್ಕನ ಮುಂದೆ ಕೂತಳು.

"ನಿಮ್ಮ ತಮ್ಮಂಗೆ ಎಲ್ಲಾದ್ರೂ ಒಂದು ಕೆಲಸ ಕೊಡ್ಸಿ. ಸಂಬಳ ಕೊಡದೇ ಇದ್ರೂ ಪರವಾಗಿಲ್ಲ. ಹಗಲೊತ್ತು ಮನೇಲಿ ಇರಬಾರದು, ಅಷ್ಟೆ."

ಅಕ್ಕ ಗಂಡನಿಗೆ ಹೇಳಿದಳು. ಡಾಕ್ಟರು ರೋಗಿಗಳ ಮುಂದೆ ಎಷ್ಟು ಗಟ್ಟಿಯೋ ಹೆಂಡತಿಯ ಮುಂದೆ ಅಷ್ಟೇ ಮೆತ್ತಗೆ. "ಹೊರಗಡೆ ಕೂರ್ಲಿ. ಅಪಾಯಿಂಟ್‌ಮೆಂಟ್ ಬರ್ಕೊಳ್ಳಲಿ. ಯಾರಿಗೂ ಔಷಧಿ ಮಾತ್ರ ಹೇಳಬಾರದು" ಅಂದರು. ಹೀಗೆ ನಮ್ಮ ಬಡಾವಣೆಯ ನೆಗಡಿ, ಕೆಮ್ಮು, ಮಂಡಿನೋವುಗಳೆಲ್ಲ ಅವನ ಸುಪರ್ದಿಗೆ ಬಂದವು.

ಕ್ಲಿನಿಕ್ ಅಂದರೆ ದೊಡ್ಡದೇನಲ್ಲ. ಬೀದಿಗೆ ತೆರೆದುಕೊಂಡ ಒಂದು ಉದ್ದನೆಯ ಕೋಣೆ, ಅದರಾಚೆ ಪರದೆ ಹಾಕಿದ ಇನ್ನೊಂದು. ಉದ್ದನೆಯದರಲ್ಲಿ ಗೋಡೆಗೊರಗಿಸಿದ ಬೆಂಚುಗಳು. ಒಂದು ಬೆಂಚಿನ ಕಾಲು ಗಿಡ್ಡ, ಅದರಡಿಗೆ ಮಾತ್ರೆಯ ಖಾಲಿ ಡಬ್ಬಿ ಮಡಚಿ ಇಟ್ಟಿದ್ದರು. ಮೂಲೆಯ ಕಟ್ಟೆಯ ಮೇಲೆ ಒಂದು ಗಾಜಿನ ತೊಟ್ಟಿ. ಅದರಲ್ಲಿ ಮೀನುಗಳು ಯಾವಾಗಲೋ ಸತ್ತು, ಈಗ ಬರೀ ಗುಳ್ಳೆಗಳಿದ್ದವು. ಎದುರಿನ ಗೋಡೆಯ ಮೇಲೆ ಶ್ವಾಸಕೋಶದ ಒಂದು ಬಣ್ಣದ ಚಿತ್ರ. ನಮ್ಮ ಬಡಾವಣೆಯ ಯಾರನ್ನು ಬೇಕಾದರೂ ಎಬ್ಬಿಸಿ ಕೇಳಿ, ಶ್ವಾಸನಾಳ ಎಲ್ಲಿ ಕವಲೊಡೆಯುತ್ತದೆ ಅಂತ ಹೇಳುತ್ತಾರೆ. ಅಷ್ಟು ಹೊತ್ತು ಆ ಚಿತ್ರ ನೋಡಿಕೊಂಡು ಕೂತಿದ್ದೇವೆ.

ಬಾಗಿಲ ಪಕ್ಕದ ಮೇಜು ಅವನದು. ಮೇಜಿನ ಮೇಲೆ ಫೋನು, ಒಂದು ಡೈರಿ, ನಂಬರು ಬರೆದ ರಟ್ಟಿನ ತುಂಡುಗಳು. ಫೋನು ಮಾಡಿದವರಿಗೆಲ್ಲ ಅವನು ಕೊಡುತ್ತಿದ್ದುದು ಒಂದೇ ಸಮಯ: ಹತ್ತೂವರೆ.

"ಅಣ್ಣಾ, ನಿನ್ನೆ ನಮ್ಮತ್ತೆಗೂ ಹತ್ತೂವರೆ ಅಂದಿದ್ರಿ, ಪಕ್ಕದ ಮನೆಯವರಿಗೂ ಹತ್ತೂವರೇನೇ ಅಂದಿದ್ರಂತೆ" ಅಂತ ಒಮ್ಮೆ ನಾನೇ ಕೇಳಿದ್ದೆ.

"ಮತ್ತೆ? ಒಬ್ರಿಗೆ ಹತ್ತೂವರೆ, ಇನ್ನೊಬ್ರಿಗೆ ಹನ್ನೊಂದೂವರೆ ಅಂದ್ರೆ ಭೇದಭಾವ ಮಾಡಿದಂಗಾಗಲ್ವಾ?" ಅಂದ.

ಎಲ್ಲರೂ ಹತ್ತೂವರೆಗೆ ಬಂದು ಒಬ್ಬರ ಮೇಲೊಬ್ಬರು ಕೂತ ಮೇಲೆ ಅವನ ನಿಜವಾದ ಕೆಲಸ ಶುರುವಾಗುತ್ತಿತ್ತು. ಅದಕ್ಕೆ ಅವನೇ ಇಟ್ಟ ಹೆಸರು 'ತೂರಿಸೋದು'. ಕೂತವರತ್ತ ಒಂದು ನೋಟ ಹಾಯಿಸಿ, ಯಾರೋ ಒಬ್ಬರಿಗೆ ಕಣ್ಣು ಮಿಟುಕಿಸಿ, ಪಕ್ಕಕ್ಕೆ ಕರೆದು, "ನಿಮ್ಮನ್ನ ನಡುವೆ ತೂರಿಸ್ತೀನಿ, ಸುಮ್ನೆ ನನ್ನ ಹಿಂದೆ ಬನ್ನಿ" ಅನ್ನುತ್ತಿದ್ದ. ತೂರಿಸಿಕೊಂಡವರು ಧನ್ಯರಾಗಿ ಒಳಗೆ ಹೋಗುತ್ತಿದ್ದರು. ಅವರಿಗೆ ಆ ದಿನ ಅವನು ಕರುಣಾಳು. ಬೆಂಚಿನ ಮೇಲೆ ಉಳಿದವರೆಲ್ಲ ಮನಸ್ಸಿನಲ್ಲೇ ಅವನಿಗೆ ಸಹಸ್ರನಾಮ ಓದುತ್ತಿದ್ದರು. ಮರುದಿನ ಜಾಗ ಅದಲುಬದಲು. ಇವತ್ತು ತೂರಿದವನು ನಾಳೆ ಕಾಯುವವನು. ಹೀಗೆ ಬಡಾವಣೆಯ ಪ್ರತಿಯೊಬ್ಬರಿಗೂ ಅವನಿಂದ ಒಂದು ಉಪಕಾರವಾಗಿತ್ತು, ಒಂದು ರಾಶಿ ಅಪಕಾರವಾಗಿತ್ತು. ಅವನು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡ. ಜನ ಎರಡನೆಯದನ್ನು.

ಅವನು ಲಂಚ ಮುಟ್ಟಿದವನಲ್ಲ. ಅದನ್ನು ಹೇಳಲೇಬೇಕು. ದುಡ್ಡು ಕೊಡಲು ಹೋದವರನ್ನು ಗದರಿ ಕಳಿಸಿದ್ದಾನೆ. ಅವನಿಗೆ ಬೇಕಾಗಿದ್ದು ಬೀದಿಯಲ್ಲಿ ಒಂದು ನಮಸ್ಕಾರ, ಅಂಗಡಿಯಲ್ಲಿ ಒಂದು "ಏನಣ್ಣಾ, ಬನ್ನಿ ಬನ್ನಿ", ಯಾರದ್ದಾದರೂ ಮನೆಯ ಸಮಾರಂಭದಲ್ಲಿ ಮುಂದಿನ ಸಾಲಿನ ಕುರ್ಚಿ. ಲಂಚ ತಿನ್ನುವವನಿಗಾದರೂ ಹೊಟ್ಟೆ ತುಂಬುತ್ತದೆ. ಹೊಗಳಿಕೆ ತಿನ್ನುವವನ ಹೊಟ್ಟೆ ತುಂಬಿದ್ದನ್ನು ಯಾರೂ ನೋಡಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಿಂದಿನ ಬೀದಿಯ ಬಸ್ ಕಂಡಕ್ಟರು ಬಂದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಹಣೆಯ ಮೇಲೆ ಬೆವರು.

"ಅಣ್ಣಾ, ಎದೆ ಒಂಥರಾ ಹಿಡಿದಂಗಾಗ್ತಿದೆ."

"ಅಪಾಯಿಂಟ್‌ಮೆಂಟ್ ಇದೆಯಾ?"

"ಎದೆ ನೋವು ಮೊದ್ಲೇ ಹೇಳಿ ಬರುತ್ತಾ ಅಣ್ಣಾ?"

"ಐದೇ ನಿಮಿಷ, ಕೂತ್ಕೊಳ್ಳಿ."

ಕಂಡಕ್ಟರು ಕೂತರು. ಬದುಕಿಡೀ ಜನಕ್ಕೆ "ಮುಂದೆ ಹೋಗಿ, ಮುಂದೆ ಹೋಗಿ" ಅಂದ ಮನುಷ್ಯ. ಅವರಿಗೆ ಮುಂದೆ ಹೋಗಿ ಅನ್ನಲು ಅಲ್ಲಿ ಯಾರೂ ಇರಲಿಲ್ಲ. ಆ ಹೊತ್ತಿಗೆ ಸಿಮೆಂಟ್ ಅಂಗಡಿಯ ಯಜಮಾನರು ಕಾಲಿನ ಉಗುರು ತೋರಿಸಲು ಬಂದರು. ಅವರನ್ನು ತೂರಿಸಿದ್ದಾಯಿತು. ಅವರ ಹಿಂದೆ ಅವರ ಸೊಸೆ, ತಲೆಹೊಟ್ಟಿಗೆ. ಆಮೇಲೆ ಬೆಂಚಿನ ಕಡೆಯಿಂದ ಒಂದು ಸದ್ದು ಬಂತು. ಕಂಡಕ್ಟರು ಜಾರಿ ನೆಲದ ಮೇಲಿದ್ದರು.

ಒಳಗಿದ್ದ ಸಿಸ್ಟರು ಓಡಿ ಬಂದರು, ಡಾಕ್ಟರೂ ಉಗುರು, ತಲೆಹೊಟ್ಟು ಎಲ್ಲ ಬಿಟ್ಟು ಬಂದರು. ಏಣಿ ಹತ್ತಿ ಫ್ಯಾನು ರಿಪೇರಿ ಮಾಡುತ್ತಿದ್ದ ವೈರಿಂಗ್ ಕೆಲಸದವನು ಅಲ್ಲಿಂದಲೇ ಕೆಳಗೆ ಹಾರಿ, ಕಂಡಕ್ಟರನ್ನು ಕೈಯಲ್ಲೆತ್ತಿಕೊಂಡು ತನ್ನ ಸಾಮಾನಿನ ಗಾಡಿಗೆ ಹಾಕಿಕೊಂಡ. ಸಿಸ್ಟರು ಜೊತೆಗೆ ಹತ್ತಿದರು. ದೊಡ್ಡಾಸ್ಪತ್ರೆಗೆ ಸಮಯಕ್ಕೆ ಮುಟ್ಟಿಸಿದರು, ಕಂಡಕ್ಟರು ಬದುಕಿಕೊಂಡರು.

ಡಾಕ್ಟರು ಭಾವಮೈದನನ್ನು ಬೈದರು. ಅಂದರೆ, ಹೆಂಡತಿಗೆ ಹೇಳಿದರು. ಹೆಂಡತಿ ತಮ್ಮನಿಗೆ ಊಟ ಬಡಿಸುವಾಗ ಹೇಳಿದಳು. ಅಷ್ಟು ದೂರ ನಡೆದು ಬರುವಷ್ಟರಲ್ಲಿ ಬೈಗುಳ ಬುದ್ಧಿಮಾತಾಗಿ, ಬುದ್ಧಿಮಾತು "ಇನ್ನೊಂಚೂರು ಹಾಕ್ಲೇನೋ" ಆಗಿತ್ತು. ಐದ್ನಿಮಿಷದಣ್ಣ ಮಾತ್ರ ಮಾರನೇ ದಿನದಿಂದ ಮೇಜಿಗೆ ಬಂದವರಿಗೆಲ್ಲ ಹೇಳತೊಡಗಿದ: "ನಾನು ಕೂರಿಸಿದ್ದಕ್ಕೆ ಉಳ್ಕೊಂಡ್ರು. ನಿಂತಿದ್ದು ಬಿದ್ದಿದ್ರೆ ತಲೆ ಒಡೆದು ಹೋಗ್ತಿತ್ತು!"

ಅದೇ ಸುಮಾರಿಗೆ ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು ಮನೆ ಖಾಲಿ ಮಾಡಿ ಬೇರೆ ಕಡೆ ಹೋದರು. ಸಂಘಕ್ಕಿದ್ದ ಆಸ್ತಿಯೆಂದರೆ ಒಂದು ಮೈಕು, ಒಂದು ಕಬ್ಬಿಣದ ಬೀರು, ಆ ಬೀರುವಿನ ಕೀಲಿ ಯಾರ ಹತ್ತಿರ ಇದೆ ಅನ್ನುವ ಹಳೇ ಜಗಳ. ಕಸದ ತೊಟ್ಟಿ ಯಾರ ಮನೆ ಮುಂದೆ ಇಡಬೇಕು, ನೀರಿನ ವಾಲ್ವು ಯಾವ ಬೀದಿಗೆ ಮೊದಲು ತಿರುಗಿಸಬೇಕು ಅನ್ನುವುದು ಅಧ್ಯಕ್ಷರ ಅಧಿಕಾರ. ಚುನಾವಣೆ ಅಂತ ಆಯಿತು. ಒಂದು ಕಡೆಯಿಂದ ವೈರಿಂಗ್‌ನವನು ನಿಂತ, ಅಂದರೆ ಕಂಡಕ್ಟರ ಹೆಂಡತಿ ಅವನನ್ನು ಹಿಡಿದು ನಿಲ್ಲಿಸಿದಳು. ಅವನಿಗೆ ನಾಲ್ಕು ಜನರ ಮುಂದೆ ಮಾತಾಡಲು ಬರುತ್ತಿರಲಿಲ್ಲ. ಅವನು ರಿಪೇರಿ ಮಾಡಿದ ಫ್ಯಾನುಗಳು ತಿರುಗುವುದಕ್ಕಿಂತ ಹೆಚ್ಚು ಕೂಗುತ್ತಿದ್ದವು. ಆದರೆ ಕರೆದರೆ ಬರುತ್ತಿದ್ದ.

ಇನ್ನೊಂದು ಕಡೆಯಿಂದ ಯಾರೂ ಹಿಡಿದು ನಿಲ್ಲಿಸದೆ ತಾನೇ ನಿಂತವನು ಐದ್ನಿಮಿಷದಣ್ಣ.

"ನನ್ನಿಂದ ಉಪಕಾರ ಆಗದೇ ಇರೋ ಮನೆ ಈ ಬಡಾವಣೇಲಿ ಒಂದಾದ್ರೂ ಇದೆಯಾ, ನೀನೇ ಹೇಳು" ಅಂದ ಹೆಂಡತಿಗೆ.

ಅವಳು ಬಟ್ಟೆ ಮಡಚುತ್ತಿದ್ದಳು. "ನಿಮ್ಮ ಮುಂದೆ ಕಾಯದೇ ಇರೋ ಮನೆ ಇದೆಯಾ ಅಂತ ಮೊದ್ಲು ನೋಡಿ."

"ನಿಂಗೆ ರಾಜಕೀಯ ಗೊತ್ತಾಗಲ್ಲ."

"ನಂಗೆ ಬೆಂಚು ಗೊತ್ತಾಗುತ್ತೆ. ಹೋದ್ಸಲ ನಂಗೆ ಗಂಟಲು ಕಟ್ಟಿದಾಗ ನನ್ನೂ ಅಲ್ಲೇ ಕೂರಿಸಿದ್ರಲ್ಲ."

"ಹೆಂಡ್ತೀನ ತೂರಿಸಿದ್ರೆ ಜನ ಏನಂತಾರೆ? ನಾನು ನಿಷ್ಠುರ ಮನುಷ್ಯ" ಅಂದು ಅವನು ಅಂಗಿ ತೊಟ್ಟು ಮತ ಕೇಳಲು ಹೊರಟ.

ಆ ಪ್ರಚಾರವನ್ನು ನೋಡುವ ಭಾಗ್ಯ ನನಗೆ ಸಿಕ್ಕಿತು, ಯಾಕೆಂದರೆ ಜೊತೆಗೊಬ್ಬರು ಇರಲಿ ಅಂತ ಅವನು ನನ್ನನ್ನೂ ಎಳೆದುಕೊಂಡು ಹೋಗಿದ್ದ. ಮೊದಲ ಮನೆ ಮಂಡಿಯಜ್ಜಿಯದು. ಮಂಡಿನೋವಿಗೆ ಕ್ಲಿನಿಕ್ಕಿಗೆ ಅಲೆದು ಅಲೆದು ಆ ಹೆಸರು ಪಡೆದವಳು. ಬಾಗಿಲು ತೆಗೆದು ನೋಡಿದಳು, ಮುಖ ಅರಳಿತು.

"ಓ, ನೀನಾ ಮಗಾ? ಐದೇ ನಿಮಿಷ, ಕೂತ್ಕೋ" ಅಂದು ಒಳಗೆ ಹೋದಳು. ನಾವು ಜಗಲಿಯ ಮೇಲೆ ಕೂತೆವು. ಒಳಗೆ ಪಾತ್ರೆ ತೊಳೆಯುವ ಸದ್ದು, ಆಮೇಲೆ ರೇಡಿಯೋ ಸದ್ದು, ಆಮೇಲೆ ಗೊರಕೆಯ ಸದ್ದು ಕೇಳಿಸಿತು. ಎದ್ದು ಬಂದೆವು.

ಮುಂದಿನದು ದರ್ಜಿಯ ಮನೆ. "ಅಯ್ಯೋ ಅಣ್ಣಾ, ಕೂತ್ಕೊಳ್ಳಿ, ಐದೇ ನಿಮಿಷ" ಅಂದು ದರ್ಜಿ ಒಂದು ಇಡೀ ಪ್ಯಾಂಟು ಹೊಲಿದ. ನಿವೃತ್ತ ಹೆಡ್‌ಮಾಸ್ತರರ ಮನೆಯಲ್ಲಿ ನಮ್ಮನ್ನು ಕೂರಿಸಿ ಅವರು ಸ್ನಾನಕ್ಕೆ ಹೋದರು. ಕಂಡಕ್ಟರ ಮನೆಯಲ್ಲಂತೂ ಅವರ ಹೆಂಡತಿ ನಮಗಾಗಿ ಒಂದು ಬೆಂಚನ್ನೇ ತಂದು ಹಾಕಿಸಿದಳು. ಅದೂ ಒಂದು ಕಾಲು ಗಿಡ್ಡ ಇದ್ದದ್ದು.

ಆ ಬೀದಿ ಮುಗಿಸುವ ಹೊತ್ತಿಗೆ ನನಗೆ ನಗು ತಡೆಯಲಾಗದೆ ಹೊಟ್ಟೆ ನೋಯುತ್ತಿತ್ತು. ಅವನು ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡಿದ್ದ. "ನೋಡಿದ್ಯಾ? ಬಾಗಿಲಲ್ಲಿ ನಿಲ್ಲಿಸಿ ಮಾತಾಡಿ ಕಳಿಸಿದವರು ಒಬ್ರೂ ಇಲ್ಲ. ಎಲ್ರೂ ಕೂರಿಸಿದ್ರು. ಇದಪ್ಪಾ ಮರ್ಯಾದೆ ಅಂದ್ರೆ!"

ಇಷ್ಟಕ್ಕೇ ಬಿಟ್ಟಿದ್ದರೂ ಅಷ್ಟು ಕೆಡುತ್ತಿರಲಿಲ್ಲ. ಮತ ಗಟ್ಟಿ ಮಾಡಿಕೊಳ್ಳಲು ಅವನು ಒಂದು ಉಪಾಯ ಹೂಡಿದ. ಚುನಾವಣೆ ಒಂದು ಭಾನುವಾರ ಬೆಳಿಗ್ಗೆ, ಶಾಲೆಯ ಕೋಣೆಯಲ್ಲಿ. ಅಂದು ಕ್ಲಿನಿಕ್ಕೂ ಅರ್ಧ ದಿನ ತೆರೆದಿರುತ್ತದೆ. ಅವನು ತನ್ನ ಪರ ಅಂತ ಅನಿಸಿದ ಪ್ರತಿ ಮನೆಗೂ ಹೋಗಿ, ಕಿವಿಯಲ್ಲಿ ಹೇಳಿದ: "ಭಾನುವಾರ ನಿಮಗೆ ಮೊದಲನೇ ನಂಬರು ಇಟ್ಟಿದ್ದೀನಿ. ಯಾರಿಗೂ ಹೇಳಬೇಡಿ. ತೋರಿಸ್ಕೊಂಡು ಹಾಗೇ ಹೋಗಿ ಓಟು ಹಾಕಿ." ಜನ ನಕ್ಕರು, ಆದರೆ ಮೊದಲನೇ ನಂಬರನ್ನು ಬೇಡ ಅನ್ನುವಷ್ಟು ವೈರಾಗ್ಯ ಯಾರಿಗಿತ್ತು? ಕಾಯಿಲೆ ಇಲ್ಲದವರೂ ಒಂದು ಹುಡುಕಿಕೊಂಡರು.

ಭಾನುವಾರ ಬಂತು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಶಾಲೆಯ ಗೇಟಿನ ಬಳಿ ಕೈಜೋಡಿಸಿ ನಿಂತ. ವೈರಿಂಗ್‌ನವನ ಕಡೆಯವರು ಬಂದರು, ಮತ ಹಾಕಿದರು, ಹೋದರು. ಕಂಡಕ್ಟರು ಹೆಂಡತಿಯ ಹೆಗಲು ಹಿಡಿದು ನಿಧಾನವಾಗಿ ಬಂದರು. ಅವನ ಕಡೆಯವರು ಮಾತ್ರ ಒಬ್ಬರೂ ಕಾಣಲಿಲ್ಲ. ಬಿಸಿಲೇರಿತು. ಕೈಜೋಡಿಸಿ ನಿಂತು ತೋಳು ನೋಯತೊಡಗಿತು. ಕೊನೆಗೆ ಅವನು ಫೋನು ತೆಗೆದು ಮಂಡಿಯಜ್ಜಿಗೆ ಮಾಡಿದ.

"ಅಜ್ಜೀ, ಎಲ್ಲಿದ್ದೀರಾ? ಓಟಿಗೆ ಬರಲ್ವಾ?"

"ಮೊದಲನೇ ನಂಬರು ಅಂದಿದ್ಯಲ್ಲಪ್ಪಾ, ಅದಕ್ಕೇ ಕಾಯ್ತಿದ್ದೀನಿ. ಇಲ್ಲಿ ಎಲ್ರದ್ದೂ ಮೊದಲನೇ ನಂಬರೇ ಅಂತೆ."

ಅವನು ಎದ್ದೆನೋ ಬಿದ್ದೆನೋ ಅಂತ ಕ್ಲಿನಿಕ್ಕಿಗೆ ಓಡಿದ. ನಾನೂ ಹಿಂದೆ ಹೋದೆ. ಅಂಥ ದೃಶ್ಯವನ್ನು ಬಿಡಲು ನನಗೇನು ಹುಚ್ಚೇ? ಬೆಂಚುಗಳು ತುಂಬಿ, ಮೆಟ್ಟಿಲು ತುಂಬಿ, ಗುಳ್ಳೆಯ ತೊಟ್ಟಿಯ ಕಟ್ಟೆಯ ಮೇಲೂ ಜನ. ಮೇಜು ಖಾಲಿ. ಸಿಸ್ಟರು ಕೂಗಿ ಕೂಗಿ ಗಂಟಲು ಹೋಗಿ, ಕೈಸನ್ನೆ ಮಾಡುತ್ತಿದ್ದರು. ದರ್ಜಿಯೂ ಹೆಡ್‌ಮಾಸ್ತರರೂ ಪರದೆಯ ಎರಡು ಅಂಚು ಹಿಡಿದುಕೊಂಡು ನಿಂತಿದ್ದರು. ಇಬ್ಬರದೂ ಮೊದಲನೇ ನಂಬರು.

"ಎದ್ದೇಳಿ, ಎದ್ದೇಳಿ! ಓಟು ಮುಗಿಯೋ ಹೊತ್ತಾಯ್ತು. ಹಾಕಿ ಬನ್ನಿ, ನಿಮ್ಮ ನಂಬರು ಎಲ್ಲೂ ಹೋಗಲ್ಲ" ಅಂತ ಅವನು ಕೂಗಿದ.

ಯಾರೂ ಅಲುಗಲಿಲ್ಲ.

"ಎದ್ದು ಹೋದ್ಮೇಲೆ ನಮ್ಮ ಜಾಗದಲ್ಲಿ ಇನ್ಯಾರನ್ನೋ ತೂರಿಸಿದ್ರೆ?" ಅಂದ ದರ್ಜಿ.

"ತೂರಿಸಲ್ಲ ಕಣಯ್ಯಾ, ನನ್ನ ಮಾತು ನಂಬು!"

ಆ ಮಾತಿಗೆ ಇಡೀ ಕೋಣೆ ನಕ್ಕಿತು. ಅವನ ಮಾತಿನ ಬೆಲೆ ಎಷ್ಟು ಅಂತ ಅವನಿಂದ ಉಪಕಾರ ಪಡೆದವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಪರದೆಯ ಆಚೆಯಿಂದ ಡಾಕ್ಟರು ತಲೆ ಹೊರಗೆ ಹಾಕಿ, "ಏನಯ್ಯಾ ಇದು, ನಾನೂ ಓಟು ಹಾಕಬೇಕಿತ್ತು, ಊಟಕ್ಕೂ ಹೋಗೋ ಹಾಗಿಲ್ಲವಲ್ಲ" ಅಂದರು. ಹೀಗೆ ಅಕ್ಕನ ಗಂಡನ ಮತವೂ ಹೋಯಿತು. ಅವನು ಒಬ್ಬೊಬ್ಬರ ಕೈ ಹಿಡಿದು ಎಳೆಯುತ್ತಿರುವಾಗಲೇ ಶಾಲೆಯ ಕಡೆಯಿಂದ ಮೈಕು ಗರಗರ ಅಂದು, ಮತದಾನ ಮುಗಿಯಿತು ಅಂತ ಸಾರಿತು.

ಎಣಿಕೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನ ಮತಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಯಿತು, ಅದರಲ್ಲೂ ಹೆಬ್ಬೆರಳಿಗೆ ಕೆಲಸ ಇರಲಿಲ್ಲ.

ಮನೆಗೆ ಹೋಗಿ ಕುರ್ಚಿಯಲ್ಲಿ ಕುಸಿದ. ಹೆಂಡತಿ ನೀರು ತಂದುಕೊಟ್ಟಳು. ಎರಡು ಗುಟುಕು ಕುಡಿದು ಕೇಳಿದ: "ನೀನಾದ್ರೂ ಹಾಕಿದ್ಯಾ?"

"ಇಲ್ಲ" ಅಂದಳು. ಅವಳಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ.

"ಯಾಕೇ?"

"ಗೆದ್ದಿದ್ರೆ ಮನೇಲೂ ನಂಬರು ಹಿಡ್ಕೊಂಡು ನಿಲ್ಲಬೇಕಾಗ್ತಿತ್ತು. ಊಟ ಮಾಡಿ, ಆರಿ ಹೋಗುತ್ತೆ."

ಅವನು ಆ ರಾತ್ರಿ ಉಣ್ಣಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅನ್ನುವ ಸಂಕಟ ಒಂದು ಕಡೆ, ಅದಕ್ಕಿಂತ ಹೆಚ್ಚಾಗಿ ಕೃತಘ್ನರ ಮೇಲಿನ ಸಿಟ್ಟು. ಇಷ್ಟು ವರ್ಷ ತೂರಿಸಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಬೆಳಗಾಗುವ ಹೊತ್ತಿಗೆ ಒಂದು ಘೋರ ಪ್ರತಿಜ್ಞೆ ಮಾಡಿದ: ಇನ್ನು ಮೇಲೆ ಈ ಬಡಾವಣೆಯ ಒಂದು ನರಪಿಳ್ಳೆಗೂ ಉಪಕಾರ ಮಾಡುವುದಿಲ್ಲ.

ಮತ್ತು ಮಾಡಲಿಲ್ಲ. ಸೋಮವಾರದಿಂದ ಅವನು ಯಾರ ಮುಖವನ್ನೂ ನೋಡಲಿಲ್ಲ. ಫೋನು ಮಾಡಿದವರಿಗೆ ಒಬ್ಬರಾದ ಮೇಲೊಬ್ಬರಿಗೆ ಬೇರೆ ಬೇರೆ ಸಮಯ ಬರೆದುಕೊಟ್ಟ. ಎಲ್ಲರಿಗೂ ಹತ್ತೂವರೆ ಅನ್ನುವುದೂ ಅವನ ಲೆಕ್ಕದಲ್ಲಿ ಒಂದು ಉಪಕಾರವೇ ಆಗಿತ್ತಲ್ಲ, ಅದೂ ನಿಂತಿತು. ಬಂದವರಿಗೆ ಬಂದ ಕ್ರಮದಲ್ಲಿ ರಟ್ಟಿನ ತುಂಡು ಎಸೆದ. ಸಿಮೆಂಟ್ ಅಂಗಡಿಯ ಯಜಮಾನರು ಬಂದು ಹಲ್ಲು ಕಿರಿದರೆ, "ನಂಬರು ಬಂದಾಗ ಕರೀತೀನಿ" ಅಂದ. ತುಂಬಾ ಹುಷಾರಿಲ್ಲದವರು ಬಂದರೆ, "ಸಿಸ್ಟರೇ, ಇದು ನಿಮ್ಮ ತಲೆನೋವು, ನೀವೇ ನೋಡ್ಕೊಳ್ಳಿ" ಅಂತ ಕೈ ತೊಳೆದುಕೊಂಡ. ಸಿಸ್ಟರು ನಾಡಿ ಹಿಡಿದು, ಮುಖ ನೋಡಿ, ಬೇಕಾದವರನ್ನು ಮೊದಲು ಒಳಗೆ ಕರೆದುಕೊಂಡು ಹೋದರು. ಸೇಡು ಅಂದರೆ ಇದು, ಬೆಂಕಿಯಂಥ ಸೇಡು!

ವಾರ ಕಳೆಯುವಷ್ಟರಲ್ಲಿ ಆ ಸೇಡಿನ ಪರಿಣಾಮ ಕಾಣತೊಡಗಿತು. ಜನ ತಮ್ಮ ಸಮಯಕ್ಕೆ ಬಂದು ತಮ್ಮ ಸಮಯಕ್ಕೆ ಮನೆಗೆ ಹೋದರು. ಬೆಂಚಿನ ಮೇಲೆ ಕಾಲು ಚಾಚುವಷ್ಟು ಜಾಗವಾಯಿತು. ಡಾಕ್ಟರು ಒಂದು ದಿನ ಹಸಿವಾಗುವ ಹೊತ್ತಿಗೇ ಊಟಕ್ಕೆ ಮನೆಗೆ ಹೋದರಂತೆ. ಅವರ ಹೆಂಡತಿ ಗಾಬರಿಯಾಗಿ, "ಯಾಕ್ರೀ, ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡಿದಳಂತೆ. ಕಂಡಕ್ಟರು ವಾರಕ್ಕೊಮ್ಮೆ ಬಿ.ಪಿ. ನೋಡಿಸಿಕೊಳ್ಳಲು ಬರುವವರು, ಕೂತ ಕೂಡಲೇ ಕರೆದಾಗ ಬೆಚ್ಚಿಬಿದ್ದು, "ನನ್ನನ್ನಾ?" ಅಂತ ಎರಡು ಸಲ ಕೇಳಿದರು.

ಜನ ಹೊಗಳಿದರು. ಬೀದಿಯಲ್ಲಿ, ಅಂಗಡಿಯಲ್ಲಿ, ನಲ್ಲಿಯ ಹತ್ತಿರ. "ಐದ್ನಿಮಿಷದಣ್ಣ ಈಗ ಎಷ್ಟು ನ್ಯಾಯವಾಗಿ ನಡೆಸ್ತಾನೆ ನೋಡಿ" ಅಂದರು. ಅವನಿಗೆ ಮೊದಮೊದಲು ಇದು ಇನ್ನೊಂದು ಗೇಲಿ ಅಂತಲೇ ಅನಿಸಿ ಸಿಡುಕುತ್ತಿದ್ದ. ಬರೆ ಹಾಕಲು ಹೋದರೆ ಜನ ಬೆನ್ನು ತುರಿಸಿದ ಹಾಗೆ ಸುಖಪಡುತ್ತಿದ್ದಾರಲ್ಲ ಅಂತ ಕುದಿಯುತ್ತಿದ್ದ. ಸಂಘದ ಸಭೆಯಲ್ಲಿ ಹೊಸ ಅಧ್ಯಕ್ಷ ವೈರಿಂಗ್‌ನವನು ಎದ್ದು ನಿಂತು, ಮೈಕಿನ ತಂತಿ ಸರಿಮಾಡಿ, ಅವನಿಗೆ ಬರುವ ಎರಡೇ ವಾಕ್ಯದಲ್ಲಿ ಹೇಳಿದ: "ಕ್ಲಿನಿಕ್ಕು ಈಗ ಚೆನ್ನಾಗಿ ನಡೀತಿದೆ. ಅಣ್ಣಂಗೆ ನಮ್ಮೆಲ್ಲರ ಪರವಾಗಿ ಥ್ಯಾಂಕ್ಸ್." ಜನ ಚಪ್ಪಾಳೆ ತಟ್ಟಿದರು. ಅವತ್ತು ಅವನು ಮನೆಗೆ ಹೋಗುವಾಗ ಸಿಡುಕಲಿಲ್ಲ. ಒಂದು ಕಡೆ ನಿಂತು ಅಂಗಿಯ ಕಾಲರು ಸರಿಮಾಡಿಕೊಂಡದ್ದನ್ನು ನಾನು ನೋಡಿದೆ. ಆಗಲೇ ನನಗೆ ಭಯವಾಯಿತು.

ಮಾರನೇ ಬೆಳಿಗ್ಗೆ ಹೆಡ್‌ಮಾಸ್ತರರು ಕ್ಲಿನಿಕ್ಕಿಗೆ ಬಂದರು. ರಟ್ಟು ತೆಗೆದುಕೊಂಡು, ಕೂರುವ ಮುಂಚೆ, ತರಗತಿಯಲ್ಲಿ ಪಾಠ ಮಾಡುವ ದನಿಯಲ್ಲಿ ಹೇಳಿದರು: "ನಾನು ಮೂರು ಊರು ಸುತ್ತಿ ಬಂದವನು ಕಣಯ್ಯಾ. ದೊಡ್ಡವರು ಚಿಕ್ಕವರು ಅಂತ ನೋಡದೆ ಸರದಿ ನಡೆಸೋ ಮನುಷ್ಯನ್ನ ನಾನು ಎಲ್ಲೂ ಕಂಡಿರಲಿಲ್ಲ. ನಿನ್ನ ಮುಂದೆ ಎಲ್ಲರೂ ಸಮಾನರು."

ಐದ್ನಿಮಿಷದಣ್ಣ ಎದ್ದು ನಿಂತ. ಬೆಂಚಿನ ಮೇಲೆ ಕೂತಿದ್ದವರತ್ತ ಒಮ್ಮೆ ನೋಡಿದ, ಮಾಸ್ತರರತ್ತ ಒಮ್ಮೆ ನೋಡಿದ.

"ಸಾರ್, ಇಂಥ ಮಾತಾಡೋ ನಿಮ್ಮಂಥವರು ಕಾಯಬಾರದು ಸಾರ್. ಬನ್ನಿ, ನನ್ನ ಹಿಂದೆ ಬನ್ನಿ" ಅಂದು ಪರದೆ ಸರಿಸಿದ.

ಹೆಡ್‌ಮಾಸ್ತರರು ಒಂದು ಗಳಿಗೆ ತಡೆದರು. ಸಮಾನತೆಯ ಬಗ್ಗೆ ಈಗತಾನೇ ಆಡಿದ ಮಾತು ಬಾಯಲ್ಲಿ ಇನ್ನೂ ಬಿಸಿಯಾಗಿತ್ತು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಬೇಡ ಅಂದ್ರೆ ನಿಂಗೆ ಬೇಜಾರಾಗುತ್ತೆ" ಅಂದು ಒಳಗೆ ಹೋದರು.

ದರ್ಜಿ ಇದನ್ನು ನೋಡಿದ. ಚುರುಕು ಮನುಷ್ಯ, ಒಮ್ಮೆ ಕಂಡ ಅಳತೆ ಮರೆಯುವವನಲ್ಲ. ಮುಂದಿನ ಸಲ ಬಂದವನೇ, "ಅಣ್ಣಾ, ಒಂದು ಮಾತು ಹೇಳ್ಲಾ? ಈ ಕಾಲದಲ್ಲಿ ನಿಮ್ಮಷ್ಟು ನಿಷ್ಪಕ್ಷಪಾತಿ..." ಅಂತ ಶುರುಮಾಡಿದ. ವಾಕ್ಯ ಮುಗಿಯುವಷ್ಟರಲ್ಲಿ ಒಳಗಿದ್ದ. ಸಿಮೆಂಟ್ ಅಂಗಡಿಯ ಯಜಮಾನರಿಗೆ ಮಾತು ಬಾರದು. ಸೊಸೆಯಿಂದ ಬಾಯಿಪಾಠ ಮಾಡಿಸಿಕೊಂಡು ಬಂದರು. ಮಂಡಿಯಜ್ಜಿ "ಧರ್ಮರಾಯ ಕಣಪ್ಪಾ ನೀನು" ಅಂದಳು, ಮಂಡಿ ನೋವಿನಲ್ಲೂ ಅಷ್ಟು ಬೇಗ ಅವಳು ನಡೆದದ್ದನ್ನು ನಾನು ಕಂಡಿರಲಿಲ್ಲ. ಸಿಸ್ಟರು ಒಂದು ದಿನ ಹೆಡ್‌ಮಾಸ್ತರರಿಗೆ, "ಸಾರ್, ನೀವು ಮಾತ್ರ ಆ ಮಾತು ಹೇಳಿ ಕೆಡಿಸಿದ್ರಿ" ಅಂದರಂತೆ. ಮಾಸ್ತರರು, "ನಿಜ ಹೇಳೋದು ನನ್ನ ಕರ್ತವ್ಯ" ಅಂದರಂತೆ.

ಈಗ ನಮ್ಮ ಕ್ಲಿನಿಕ್ಕಿಗೆ ಬಂದು ನೋಡಬೇಕು. ನ್ಯಾಯ, ಸಮಾನತೆ, ಸರದಿಯ ಪಾವಿತ್ರ್ಯ, ಇವುಗಳ ಬಗ್ಗೆ ಅಷ್ಟು ಸೊಗಸಾಗಿ ಮಾತಾಡುವ ಜನ ಯಾವ ಸಭೆಯಲ್ಲೂ ಸಿಗಲಾರರು. ಡಾಕ್ಟರ ಊಟ ಮತ್ತೆ ಆರಿ ಹೋಗುತ್ತಿದೆ. ಕಂಡಕ್ಟರು ಹೆಂಡತಿಯ ಮಾತು ಕೇಳಿ ಎರಡು ಬಸ್ಸು ಬದಲಾಯಿಸಿ ಬೇರೆ ಕಡೆ ತೋರಿಸಿಕೊಳ್ಳುತ್ತಾರೆ. ಐದ್ನಿಮಿಷದಣ್ಣನ ಹೆಂಡತಿ ಹೊಲಿಗೆ ಕಲಿಸಲು ಹೋಗುತ್ತಾಳೆ, ಗಂಡನ ವಿಷಯ ಕೇಳಿದರೆ, "ಹಗಲೊತ್ತು ಮನೇಲಿರಲ್ಲ, ದೇವರು ದೊಡ್ಡವನು" ಅನ್ನುತ್ತಾಳೆ.

ಮೊನ್ನೆ ನಾನು ಹೋದಾಗ ಬೆಂಚಿನ ತುದಿಯಲ್ಲಿ ಗಾರೆ ಕೆಲಸದ ಹೆಂಗಸೊಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗು ಕೆಂಡದಂತೆ ಸುಡುತ್ತಿತ್ತು. ಅವಳಿಗೆ ಹೊಗಳಲು ಬರುತ್ತಿರಲಿಲ್ಲ, ಬರಬೇಕು ಅಂತಲೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ರಟ್ಟನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದಳು. ಸಿಸ್ಟರು ಹೊರಗೆ ಬಂದವರು ಅವಳನ್ನು ಕಂಡು, ಮಗುವನ್ನು ಎತ್ತಿಕೊಂಡು, ಅವಳ ಮೊಣಕೈ ಹಿಡಿದು ನೇರ ಒಳಗೆ ನಡೆಸಿದರು.

ಐದ್ನಿಮಿಷದಣ್ಣ ನನ್ನ ಕಡೆ ಬಾಗಿ, ದನಿ ತಗ್ಗಿಸಿ, "ಪಾಪ, ಬಡವಳು. ನಾನೇ ತೂರಿಸಿದೆ" ಅಂದ.